ಖಳನ ಪರ ವಕಾಲತ್ತು

ಹೈಕೋರ್ಟು ಎದುರಿಗೇ ಇರುವುದರಿಂದಲೋ ಏನೋ, ಚೆನ್ನೈನ ಪ್ಯಾರೀಸ್ ಕಾರ್ನರಿನಲ್ಲಿ ಯಾರೂ ಸುಮ್ಮನೆ ಮಾತಾಡುವುದಿಲ್ಲ, ವಾದಿಸುತ್ತಾರೆ. ಫುಟ್‌ಪಾತಿನಲ್ಲಿ ಬೀಗ ಮಾರುವವನೂ ಸಾಕ್ಷಿ ಪುರಾವೆ ಮುಂದಿಟ್ಟೇ ಬೆಲೆ ಹೇಳುತ್ತಾನೆ. ಈ ಗಾಳಿ ಸೋಕಿಯೇ ಇರಬೇಕು, ನನ್ನ ತಂಗಿಯ ಮಗಳು ಅಲ್ಲಿ ನಿಂತು ವೋಲ್ಡೆಮಾರ್ಟನ ವಕಾಲತ್ತು ವಹಿಸಿಕೊಂಡಳು.

ಹ್ಯಾರಿ ಪಾಟರ್ ಸರಣಿಯ ನಾಲ್ಕನೇ ಪುಸ್ತಕ ಬಂದದ್ದು 2000ದಲ್ಲಿ. ಅದರಲ್ಲಿ ಖಳ ವೋಲ್ಡೆಮಾರ್ಟನಿಗೆ ಬೇಕಾದದ್ದು ಹುಡುಗ ಹ್ಯಾರಿಯ ರಕ್ತ. ಅವನ ಬಂಟ ಮೇಷ್ಟ್ರ ವೇಷದಲ್ಲಿ ವರ್ಷಪೂರ್ತಿ ಶಾಲೆಯಲ್ಲೇ ಇದ್ದಾನೆ. ಮುಟ್ಟಿದವರನ್ನು ಹೊತ್ತೊಯ್ಯುವಂತೆ ಯಾವ ವಸ್ತುವನ್ನಾದರೂ ಮಂತ್ರಿಸಬಹುದು. ಒಂದು ಪೆನ್ನು ಮಂತ್ರಿಸಿ "ತಗೋ ಮರಿ, ಬರ್ಕೋ" ಅಂದಿದ್ದರೆ ಮೊದಲ ವಾರವೇ ಕೆಲಸ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಹಾಗೆ ಮಾಡದೆ ಹುಡುಗನನ್ನು ಪಂದ್ಯಕ್ಕೆ ಸೇರಿಸಿ, ಡ್ರ್ಯಾಗನ್ನು, ಕೆರೆ, ಚಕ್ರವ್ಯೂಹ ಎಲ್ಲ ದಾಟಿಸಿ, ಗೆಲ್ಲಲು ಬೆನ್ನ ಹಿಂದೆ ನಿಂತು, ಕೊನೆಗೆ ಜೂನ್ ತಿಂಗಳಲ್ಲಿ ಗೆದ್ದ ಕಪ್ಪಿನಿಂದಲೇ ಸಾಗಿಸುತ್ತಾನೆ. ಪರೀಕ್ಷೆ ಮುಗಿಯುವ ತನಕ ಇಷ್ಟು ಶಿಸ್ತಾಗಿ ಕಾಯುವ ದುಷ್ಟ ಇನ್ನೆಲ್ಲಿ ಸಿಕ್ಕಾನು!

"ಮಾಮ, ನೀವು ಪೂರ್ತಿ ಪ್ಲ್ಯಾನೇ ನೋಡ್ತಿಲ್ಲ" ಅಂದಳು. ಶಾಲೆಗೆ ಮಂತ್ರದ ಕಾವಲಿದೆಯಂತೆ, ಬೇರೆ ವಸ್ತು ನಡೆಯುತ್ತಿರಲಿಲ್ಲವಂತೆ. ಹುಡುಗ ಪಂದ್ಯದಲ್ಲೇ ಸತ್ತನೆಂದು ಜಗತ್ತು ನಂಬಬೇಕಿತ್ತಂತೆ. ಕರ್ತೃ ಬಿಟ್ಟ ತೂತುಗಳಿಗೆಲ್ಲ ಅಭಿಮಾನಿಗಳು ಫೀಜಿಲ್ಲದೆ ತೇಪೆ ಹಾಕುತ್ತಾರೆ.

ನಗಬಾರದು. 2005ರಿಂದ 2007ರ ಜುಲೈವರೆಗೆ ಓದುಗರು ಅದೇ ಶಾಲೆಯ ಸ್ನೇಪ್ ಮೇಷ್ಟ್ರು ಯಾರ ಕಡೆ ಎಂದು ಬಡಿದಾಡಿದರು. ಕಣ್ಣೆದುರೇ ಕೊಲೆ ಮಾಡಿದವನ ಪರ ನಿಂತವರೇ ಏಳನೇ ಪುಸ್ತಕದಲ್ಲಿ ಕೇಸು ಗೆದ್ದರು.

ಇಂಥ ತೇಪೆ ಪುಸ್ತಕದ ಕಥೆಗೆ ಮಾತ್ರವಲ್ಲ ಎನ್ನಲು ನಾನು ರಸ್ತೆಯಾಚೆ ಕೈ ತೋರಿಸಿದೆ. ಹೈಕೋರ್ಟಿನ ಪೂರ್ವದ ಗೋಡೆಯಲ್ಲಿ, ಅಲ್ಲಿಗೆ ಗುಂಡು ಬಿದ್ದದ್ದರ ನೆನಪಿಗೆ ಒಂದು ಫಲಕವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಕಾರ್ಲ್ ಫಾನ್ ಮುಲ್ಲರನ ಜರ್ಮನ್ ಹಡಗು ಎಮ್ಡೆನ್ ಬಂದರಿನ ಮುಂದೆ ನಿಂತು, ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಬೆಂಕಿಯಿಟ್ಟು ಮಾಯವಾಯಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಎಣ್ಣೆ ಸುಟ್ಟು ಬ್ರಿಟಿಷರ ಮರ್ಯಾದೆ ಕಳೆಯುವುದಷ್ಟೇ ಮುಲ್ಲರನ ಲೆಕ್ಕ. ಇಷ್ಟು ಸಣ್ಣ ಸಂಚು ಮದರಾಸಿಗೆ ಸಾಕಾಗುತ್ತದೆಯೇ? ಕ್ರಾಂತಿಕಾರಿ ಚೆಂಪಕರಾಮನ್ ಪಿಳ್ಳೈ ಹಡಗಿನೊಳಗಿದ್ದು ಗುರಿ ತೋರಿಸುತ್ತಿದ್ದರೆಂಬ ಕಥೆ ಹುಟ್ಟಿತು. ಪುರಾವೆ ಇಲ್ಲ, ಆದರೂ ಇವತ್ತಿಗೂ ಕೇಳಿಸುತ್ತದೆ. ಎಮ್ಡೆನ್ ಮಾತ್ರ ಆ ನವೆಂಬರ್ 9ರಂದೇ ಕೋಕೋಸ್ ದ್ವೀಪಗಳ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಹಡಗಿನ ಏಟಿಗೆ ಸಿಕ್ಕಿ ಮುಗಿಯಿತು.

"ಹಾಗಾದ್ರೆ ಹೈಕೋರ್ಟಿಗೆ ಯಾಕೆ ಗುಂಡು ಬಿತ್ತು?"

"ಗುರಿ ತಪ್ಪಿರಬೇಕಮ್ಮ."

ಅವಳಿಗೆ ಅದು ಉತ್ತರ ಅನ್ನಿಸಲೇ ಇಲ್ಲ. ಆಗ ಹೈಕೋರ್ಟಿನ ಗೋಪುರದ ತುದಿಯಲ್ಲೇ ಊರಿನ ದೀಪಸ್ತಂಭವಿತ್ತು ಎಂದು ನಾನು ಬಾಯಿಬಿಟ್ಟದ್ದೇ ತಡ, "ಅದೇ! ಅದನ್ನ ಹೊಡೆಯೋಕೇ ಬಂದಿದ್ದು" ಅಂದಳು. ದಾರಿ ತೋರಿಸುವ ದೀಪವನ್ನು ಯಾವ ಕ್ಯಾಪ್ಟನ್ನಾದರೂ ಹೊಡೆದುಕೊಳ್ಳುತ್ತಾನೆಯೇ ಎಂದೆ.

"ವಾಪಸ್ ಹೋಗುವಾಗ ಯಾರೂ ಹಿಂಬಾಲಿಸಬಾರದಲ್ಲ, ಮಾಮ!"