ಶುರುವಾಗದ ಮೆಷಿನ್ನಿನ ರಾಯರು

ಬೆಂಗಳೂರಿನ ಜಾಲಹಳ್ಳಿ, ವಿದ್ಯಾರಣ್ಯಪುರ, ರಾಜಾಜಿನಗರದ ಕಡೆ ಕಾರು ಬೀದಿಯ ಬಿಸಿಲಲ್ಲಿ ಒಣಗುತ್ತಾ, ಕಾರಿನ ಷೆಡ್ಡಿನಲ್ಲಿ ಮಾತ್ರ ಟಾರ್ಪಾಲು ಹೊದ್ದ ಭಾರಿ ಆಕೃತಿಯೊಂದು ತಣ್ಣಗೆ ನಿಂತಿರುವ ಮನೆ ಕಂಡರೆ, ಒಳಗೊಬ್ಬ ರಾಯರಿದ್ದಾರೆಂದು ಧಾರಾಳವಾಗಿ ಊಹಿಸಬಹುದು. ಈ ರಾಯರು ಒಬ್ಬ ವ್ಯಕ್ತಿಯಲ್ಲ, ಒಂದು ವರ್ಗ. ಸಾರ್ವಜನಿಕ ಉದ್ದಿಮೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಗುಜರಿಯಿಂದ ಕೇಜಿ ಲೆಕ್ಕದಲ್ಲಿ ಹಳೆಯ ಮಿಲ್ಲಿಂಗ್ ಮೆಷಿನ್ನೊಂದನ್ನು ಕೊಂಡು, ಗೇಟು ಕಳಚಿ, ಕ್ರೇನಿನಲ್ಲಿ ಒಳಗಿಳಿಸಿಕೊಂಡವರು. ಅಂದಿನಿಂದ ಇಂದಿನವರೆಗೆ ಅದನ್ನು ರಿಪೇರಿ ಮಾಡುತ್ತಲೇ ಇರುವವರು. ಮನೆಯಾಕೆಯಿಂದ ಹಿಡಿದು ಹಾಲಿನವನವರೆಗೆ ಎಲ್ಲರದೂ ಒಂದೇ ಪ್ರಶ್ನೆ: ಅದು ಶುರುವಾಗೋದು ಯಾವಾಗ? ಪ್ರಶ್ನೆಯೇ ತಪ್ಪು ಎಂಬುದು ಇಲ್ಲಿನ ವಾದ. ರಿಪೇರಿ ಮುಗಿಯದಿರುವುದಕ್ಕೆ ಸೋಮಾರಿತನ ಕಾರಣವಲ್ಲ. ಮುಗಿದುಬಿಟ್ಟರೆ ಏನು ಗತಿ ಎಂಬ ಎಚ್ಚರ ಕಾರಣ.

ಈ ತಳಿ ಬೆಂಗಳೂರಿನಲ್ಲಿ ಹುಲುಸಾಗಿ ಬೆಳೆದದ್ದು ಆಕಸ್ಮಿಕವೇನಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್. ನಡುವೆ, 1953ರಲ್ಲಿ, ಎಚ್‌ಎಂಟಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಲೇತ್ ಕಟ್ಟಲು ಹೊರಟ ಎಚ್‌ಎಂಟಿ ಮುಂದೆ ಜರ್ಮನಿಯ ಫ್ರಿಟ್ಸ್ ವೆರ್ನರ್ ಸಹಯೋಗದಲ್ಲಿ ಮಿಲ್ಲಿಂಗ್ ಮೆಷಿನ್ನುಗಳನ್ನೂ ಕಟ್ಟಿತು. ಜನರಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ. ರಾಯರ ಎದುರು ಹಾಗಂದರೆ ಕಾಫಿ ಬರುವುದಿಲ್ಲ. ಗಡಿಯಾರದ ಘಟಕ 1961ರದ್ದು, ಅದಕ್ಕೂ ಮೊದಲೇ ಮೆಷಿನ್ನುಗಳನ್ನು ಹೆರುವ ಮದರ್ ಮೆಷಿನ್ನುಗಳು ಇಲ್ಲಿ ತಯಾರಾಗುತ್ತಿದ್ದವು ಎಂದು ಅವರು ತಾಳ್ಮೆಯಿಂದ ತಿದ್ದುತ್ತಾರೆ. ಹೀಗೆ ಒಂದು ಇಡೀ ತಲೆಮಾರು ಮೈಕ್ರಾನಿನಲ್ಲಿ ಯೋಚಿಸುವುದನ್ನು ಕಲಿಯಿತು. ಆಮೇಲೆ ಕಂಪ್ಯೂಟರ್ ನಿಯಂತ್ರಿತ ಮೆಷಿನ್ನುಗಳು ಬಂದವು, ವಿಭಾಗಗಳು ಮುಚ್ಚಿದವು. ಮನುಷ್ಯರಿಗೆ ವಿಆರ್‌ಎಸ್, ಮೆಷಿನ್ನುಗಳಿಗೆ ಹರಾಜು. ಇಬ್ಬರೂ ಹೊರಬಂದದ್ದು ಒಂದೇ ಗೇಟಿನಿಂದ. ಹೊರಗೆ ಮತ್ತೆ ಭೇಟಿಯಾದರೆ ಆಶ್ಚರ್ಯವೇನು?

ಇನ್ನು ರಿಪೇರಿಯ ಒಳಗುಟ್ಟು. ಮೊದಲ ಹಂತ ಯಾರ ಕಣ್ಣಿಗಾದರೂ ಕಾಣುವಂಥದ್ದು: ಸೀಮೆಎಣ್ಣೆಯಲ್ಲಿ ತೊಳೆಯುವುದು, ವೇಸ್ಟ್ ಬಟ್ಟೆಯಲ್ಲಿ ಒರೆಸುವುದು, ತುಕ್ಕು ಕೆರೆಯುವುದು, ಬೇರಿಂಗ್ ಬದಲಿಸುವುದು. ಇಲ್ಲಿಗೇ ನಿಲ್ಲಿಸಿ ಹಸಿರು ಬಣ್ಣ ಬಳಿದರೆ ತಿಂಗಳೊಪ್ಪತ್ತಿನಲ್ಲಿ ಕೆಲಸ ಮುಗಿದೇಹೋಗುತ್ತದೆ. ಆದ್ದರಿಂದ ರಾಯರು ಸವೆತ ಅಳೆಯಲು ಡಯಲ್ ಗೇಜ್ ಹಚ್ಚುತ್ತಾರೆ. ಮಿಲ್ಲಿಂಗ್ ಮೆಷಿನ್ನಿನ ಟೇಬಲ್ ಓಡಾಡುವುದು ಹೆಚ್ಚಾಗಿ ನಡುಭಾಗದಲ್ಲಿ. ಹೀಗಾಗಿ ಅದರ ಜಾರುದಾರಿಯೂ ಸ್ಕ್ರೂವೂ ನಡುವೆ ಸವೆದು, ತುದಿಗಳಲ್ಲಿ ಹೊಸದರಂತೆಯೇ ಉಳಿದಿರುತ್ತವೆ. ನಡುವಿಗೆ ಸರಿಯಾಗಿ ಗಿಬ್ (ಜಾರುದಾರಿಯ ಸಡಿಲ ತುಂಬುವ ಪಟ್ಟಿ) ಬಿಗಿದರೆ ತುದಿಯಲ್ಲಿ ಟೇಬಲ್ ಕಚ್ಚಿಕೊಳ್ಳುತ್ತದೆ. ತುದಿಗೆ ಸಡಿಲಿಸಿದರೆ ನಡುವೆ ಅಲ್ಲಾಡುತ್ತದೆ. ಬ್ಯಾಕ್‌ಲ್ಯಾಶ್ ಬೇರೆ: ಸರ್ಕಾರಿ ಕಚೇರಿಗೆ ಕೊಟ್ಟ ಅರ್ಜಿಯಂತೆ, ಈ ತುದಿಯಲ್ಲಿ ಎಷ್ಟೋ ತಿರುಗಿಸಿದ ಮೇಲೆ ಆ ತುದಿಯಲ್ಲೇನೋ ಕೊಂಚ ಕದಲುತ್ತದೆ. ಜಾರುದಾರಿಯ ಸವೆತ ಸರಿಪಡಿಸಲು ರಾಯರು ಒಪ್ಪುವ ಮಾರ್ಗ ಒಂದೇ, ಕೈಯಿಂದ ಸ್ಕ್ರೇಪಿಂಗ್. ಸಮತಟ್ಟು ಪರೀಕ್ಷಿಸುವ ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ತೆಳುವಾಗಿ ಸವರಿ, ಭಾಗವನ್ನು ಅದರ ಮೇಲೆ ಉಜ್ಜಿ, ನೀಲಿ ಅಂಟಿದ ಉಬ್ಬುಗಳನ್ನಷ್ಟೇ ಕೆಲವೇ ಮೈಕ್ರಾನ್ ಕೆರೆಯುವುದು. ಒರೆಸಿ, ಮತ್ತೆ ನೀಲಿ ಸವರಿ, ಮತ್ತೆ ಉಜ್ಜಿ, ಮತ್ತೆ ಕೆರೆಯುವುದು. ರಾಯರ ಬೆರಳು, ಪಂಚೆ, ಸ್ನಾನದ ಮನೆಯ ನಲ್ಲಿ, ಕೊನೆಗೆ ಇಡ್ಲಿಯ ಅಂಚು ಕೂಡ ನೀಲಿಯಾಗಿರುವುದು ಈ ಹಂತದ ಲಕ್ಷಣ.

ಆದರೆ ಸರ್ಫೇಸ್ ಪ್ಲೇಟೇ ಸಮವಾಗಿದೆ ಎಂದು ಯಾರು ಹೇಳಿದರು? ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1840ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಎರಡು ಪ್ಲೇಟುಗಳು ಒಂದಕ್ಕೊಂದು ಚೆನ್ನಾಗಿ ಕೂತರೆ ಸಾಲದು, ಒಂದು ಉಬ್ಬು ಇನ್ನೊಂದು ತಗ್ಗು ಆಗಿದ್ದರೂ ಕೂರುತ್ತವೆ; ಮೂರು ಪ್ಲೇಟುಗಳನ್ನು ಸರದಿಯಲ್ಲಿ ಹೋಲಿಸಿ ಕೆರೆಯುತ್ತಾ ಹೋದರೆ ಮೂರೂ ನಿಜಕ್ಕೂ ಸಮವಾಗುತ್ತವೆ. ಆದ್ದರಿಂದ ರಾಯರಿಗೆ ಮೂರು ಪ್ಲೇಟು ಬೇಕು. ಸವೆದ ಗಿಬ್‌ಗೆ ಬದಲಿ ಬೇಕು, ಅದನ್ನು ಮಾಡಲು ಮಿಲ್ಲಿಂಗ್ ಮೆಷಿನ್ ಬೇಕು, ಅದೋ ಬಿಚ್ಚಿಟ್ಟುಕೊಂಡು ಕೂತಿದೆ. ಪೀಣ್ಯದ ವರ್ಕ್‌ಶಾಪಿನಲ್ಲಿ ಕೊಟ್ಟು ಮಾಡಿಸಬಹುದಲ್ಲ ಎಂದರೆ ಅಲ್ಲಿಯವರ ಕೆಲಸ ರಾಯರಿಗೆ ಹಿಡಿಸುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ತನ್ನ ಬಾಲವನ್ನೇ ತಾನು ಹಿಡಿದುಕೊಂಡ ಕೆಲಸ ಲೋಕದಲ್ಲಿ ಇನ್ನೊಂದಿರಲಾರದು. ಅದನ್ನೇ ಆರಿಸಿಕೊಂಡದ್ದು ರಾಯರ ಬುದ್ಧಿವಂತಿಕೆ.

ಅವರೇನೂ ಸುಮ್ಮನೆ ಕೊಳ್ಳಲಿಲ್ಲ, ಏನಾದರೂ ತಯಾರಿಸಲೆಂದೇ ಕೊಂಡದ್ದು ಎಂದು ಕೆಲವರು ವಾದಿಸಬಹುದು. ಸಾಕ್ಷ್ಯ ನೋಡೋಣ. ಷೆಡ್ಡಿನಲ್ಲಿ ಇದುವರೆಗೆ ತಯಾರಾದದ್ದು ಮೆಷಿನ್ನಿನ ಒಂದು ಹ್ಯಾಂಡಲ್, ಮೆಷಿನ್ ಬಿಚ್ಚಲು ಬೇಕಾದ ಒಂದು ಪುಲ್ಲರ್. ಹೆಂಡತಿ ಒಮ್ಮೆ, “ರೀ, ಗ್ರೈಂಡರಿನ ಬುಷ್ ಹೋಗಿದೆ, ನಿಮ್ಮ ಮೆಷಿನ್‌ನಲ್ಲಿ ಒಂದು ಮಾಡಿಕೊಡಿ” ಅಂದರೆ ಸಿಗುವ ಉತ್ತರ: “ಇದು ಮಿಲ್ಲಿಂಗು ಕಣೇ. ಬುಷ್‌ಗೆ ಲೇತ್ ಬೇಕು.” ಮಾತು ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ಮುಂದಿನ ವಾರವೇ ಅವರು ಗುಜರಿಯಲ್ಲಿ ಲೇತಿನ ಬೆಲೆ ವಿಚಾರಿಸುತ್ತಿದ್ದರೆ ಅದಕ್ಕೆ ಆಕೆಯೇ ಹೊಣೆ.

ದುಡ್ಡಿನ ಆಕ್ಷೇಪ ಇನ್ನೂ ಗಟ್ಟಿ. ಮನೆಗೆ ಬರುವುದು ಸಿಂಗಲ್ ಫೇಸ್, ಮೋಟರು ಕೇಳುವುದು ತ್ರೀ ಫೇಸ್ ಕರೆಂಟು; ನಡುವೆ ವಿಎಫ್‌ಡಿ ಡಬ್ಬಿಯೊಂದನ್ನು ಕೂರಿಸಬೇಕು. ಬೇರಿಂಗು, ಕಟ್ಟರು, ಎಣ್ಣೆ ಎಲ್ಲ ಸೇರಿದರೆ ಹೊಸದೊಂದು ಪುಟ್ಟ ಮೆಷಿನ್ನೇ ಬರುತ್ತಿತ್ತು ಎನ್ನುತ್ತಾನೆ ಅಮೆರಿಕದಿಂದ ಫೋನು ಮಾಡುವ ಮಗ. ಲೆಕ್ಕ ಸರಿಯೇ ಇರಬಹುದು, ಆದರೆ ಹೊಸ ಮೆಷಿನ್ ಬಂದ ದಿನವೇ ಓಡುತ್ತದೆ, ರಾಯರು ಮರುದಿನ ಏನು ಮಾಡಬೇಕು? ತಮ್ಮ ವಯಸ್ಸಿನವರು ಕ್ಲಬ್ಬಿಗೂ ಆಸ್ಪತ್ರೆಗೂ ಸುರಿಯುವುದರ ಮುಂದೆ ಕೇಜಿ ಲೆಕ್ಕದ ಎರಕದ ಕಬ್ಬಿಣ ದುಬಾರಿಯೇನಲ್ಲ. ಹಾಗಾದರೆ ರಿಪೇರಿ ಮುಗಿಸಿದ ರಾಯರುಗಳೇ ಇಲ್ಲವೇ? ಇದ್ದಾರೆ. ನನ್ನ ವಾದಕ್ಕೆ ಅವರೇ ದೊಡ್ಡ ಆಧಾರ. ಮುಗಿದ ಮೆಷಿನ್ನಿನಲ್ಲಿ ಒಂದು ಅಲ್ಯೂಮಿನಿಯಂ ತುಂಡನ್ನು ನಯವಾಗಿ ಚೌಕ ಮಾಡಿ, ಬಂದವರಿಗೆಲ್ಲ ತೋರಿಸಿ, ತಿಂಗಳೊಳಗೆ ಮೆಷಿನ್ನನ್ನೇ ಮಾರಿ, ಇನ್ನೂ ಹಳೆಯ, ಇನ್ನೂ ಹೆಚ್ಚು ಸವೆದ ಶೇಪಿಂಗ್ ಮೆಷಿನ್ನೊಂದನ್ನು ತಂದಿರುತ್ತಾರೆ.

ಬಿಚ್ಚಿಟ್ಟ ಮೆಷಿನ್ನಿಗೂ ಆಯುಧಪೂಜೆ ತಪ್ಪುವುದಿಲ್ಲ. ಟೇಬಲ್ ಬೇರೆ, ಸ್ಯಾಡಲ್ ಬೇರೆ, ಸ್ಪಿಂಡಲ್ ಬೇರೆಯಾಗಿ ಸಾಲಿಟ್ಟು, ಎಲ್ಲಕ್ಕೂ ಕುಂಕುಮ, ಚೆಂಡುಹೂವು, ಎದುರಿಗೊಂದು ಬೂದುಗುಂಬಳಕಾಯಿ. ನಿಮ್ಮ ಬೀದಿಯ ರಾಯರು ಅವತ್ತು ಕರೆದರೆ ತಪ್ಪಿಸಬೇಡಿ, ಪ್ರಸಾದದ ಚರುಪು ಚೆನ್ನಾಗಿರುತ್ತದೆ. ಯಾವಾಗ ಶುರು ಎಂದು ಮಾತ್ರ ಕೇಳಬೇಡಿ. ಗಿಬ್ ಎಲ್ಲಿಗೆ ಬಂತು ಎಂದು ಕೇಳಿ. ಕೇಳುವ ಮೊದಲು ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿರಿ, ಬಿಳಿ ಬಟ್ಟೆ ಹಾಕಿಕೊಳ್ಳಬೇಡಿ.