ಬಿರುದುಂಟು, ಬಿಸಿಲಿಲ್ಲ

(ಮೈಸೂರಿನ ಕುವೆಂಪುನಗರದ ಒಂದು ಫ್ಲ್ಯಾಟಿನ ಹಜಾರ. ಟಿ.ವಿ. ಪಕ್ಕದ ಮೂಲೆಯಲ್ಲಿ ಪಿಂಗಾಣಿ ಕುಂಡ, ಅದರೊಳಗೆ ಮೈಸೂರು ಮಲ್ಲಿಗೆ. ಮನೆಯವರು ಅಡುಗೆಮನೆಯಲ್ಲಿದ್ದ ಕಾರಣ ಗಿಡ ಸ್ವಲ್ಪ ಧೈರ್ಯವಾಗಿಯೇ ಮಾತಾಡಿತು.)

ಹೇಗಿದ್ದೀರಿ?

ಒದ್ದೆಯಾಗಿದ್ದೇನೆ. ಬೆಳಿಗ್ಗೆ ಯಜಮಾನರು ಒಂದು ಚೊಂಬು, ಅದು ತಿಳಿಯದೆ ಯಜಮಾನಿತಿ ಇನ್ನೊಂದು ಚೊಂಬು, ಸಂಜೆ ಅಜ್ಜಿಯ ಲೋಟ ತೊಳೆದ ನೀರು. ಕುಂಡದ ತಳಕ್ಕೆ ತೂತಿಲ್ಲ, ಟೈಲ್ಸ್ ಕೊಳೆಯಾಗುತ್ತದಂತೆ. ಬೇರಿಗೂ ಗಾಳಿ ಬೇಕಲ್ಲ ಸ್ವಾಮಿ! ಕೊಳೆತ ಬೇರು ನೀರು ಹೀರುವುದಿಲ್ಲ, ಎಲೆ ಬಾಡುತ್ತದೆ. ಬಾಡಿತಲ್ಲಾ ಎಂದು ಮತ್ತೊಂದು ಚೊಂಬು.

ಆದರೂ ನಿಮಗೆ ಇಲ್ಲಿ ಬಹಳ ಗೌರವ.

ಗೌರವಕ್ಕೇನು ಬರ! 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರು ಕವನ ಸಂಕಲನಕ್ಕೆ ನನ್ನ ಹೆಸರಿಟ್ಟರು. 1992ರಲ್ಲಿ ನಾಗಾಭರಣರ ಸಿನಿಮಾ ಬಂತು. ಆಮೇಲೆ ಭೌಗೋಳಿಕ ಸೂಚಕದ ಮಾನ್ಯತೆ. ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಎಂಬ ನನ್ನ ಅಕ್ಕತಂಗಿಯರಿಗೂ ಸಿಕ್ಕಿದೆ. ನಂಜನಗೂಡು ರಸಬಾಳೆಯೂ ಅದೇ ಪಟ್ಟಿಯಲ್ಲಿದೆ. ಎಲ್ಲಾದರೂ ಒಂದು ಚಿಪ್ಪು ಸಿಕ್ಕಿದರೆ ನನಗೂ ಹೇಳಿ, ನೋಡಿ ಬಹಳ ದಿನವಾಯಿತು.

ಹಾಗಾದರೆ ಕೊರತೆ ಯಾವುದು?

ಬಿಸಿಲು ಕಣ್ರೀ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬಿದ್ದರೆ ಮೊಗ್ಗು. ಇಲ್ಲದಿದ್ದರೆ ನಾನು ಬರೀ ಬಳ್ಳಿ. ಇವರು ಕೊಟ್ಟಿರುವುದು ಟ್ಯೂಬ್‌ಲೈಟು ಮತ್ತು ಧಾರಾವಾಹಿ. ಹೂ ಬಿಡಲಿಲ್ಲವೆಂದು ಯೂರಿಯಾ ಬೇರೆ ಹಾಕಿದರು. ಎಲೆ ದಪ್ಪವಾಯಿತು, ಮೊಗ್ಗು ಸೊನ್ನೆ.

ಕತ್ತರಿಸಿ ನೋಡಿದರಾ?

ಅಯ್ಯೋ, ಆ ಮಾತೆತ್ತಿದರೆ ಅಜ್ಜಿ ಕಣ್ಣಲ್ಲಿ ನೀರು! ನಾನು ಮೊಗ್ಗು ಬಿಡುವುದೇ ಹೊಸ ಚಿಗುರಿನ ತುದಿಯಲ್ಲಿ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಹಳೆಯ ರೆಂಬೆ ಸವರಿ, ಒಂದಿಷ್ಟು ಕೊಟ್ಟಿಗೆ ಗೊಬ್ಬರ ಕೊಟ್ಟರೆ ಬೇಸಿಗೆಗೆ ನಾನೇ ಲೆಕ್ಕ ತೀರಿಸುತ್ತೇನೆ. ಹೂವಿನ ರೈತರಿಗೆ ಇದು ಗೊತ್ತು. ಅವರು ಕರುಣೆಯಿಲ್ಲದೆ ಕತ್ತರಿಸುತ್ತಾರೆ, ಬುಟ್ಟಿ ತುಂಬಿಸಿಕೊಳ್ಳುತ್ತಾರೆ. ಇಲ್ಲಿ ಕರುಣೆ ಧಾರಾಳ, ಬುಟ್ಟಿ ಖಾಲಿ.

ಮತ್ತೆ ಪೂಜೆಗೆ ಹೂವು?

ದೇವರಾಜ ಮಾರುಕಟ್ಟೆಯಿಂದ ಬರುತ್ತದೆ. ಮೊಳದ ಲೆಕ್ಕ, ಮಾರುವವಳ ಮೊಳವೋ ಕೊಳ್ಳುವವಳ ಮೊಳವೋ ಎಂದು ಅರ್ಧ ಗಂಟೆ ಚೌಕಾಸಿ. ತಂದ ಹೂವನ್ನು ಒಮ್ಮೆ ನನ್ನ ಕೊಂಬೆಗೇ ಸಿಕ್ಕಿಸಿ ಫೋಟೊ ತೆಗೆದು, ಅಮೆರಿಕದಲ್ಲಿರುವ ಮಗಳಿಗೆ ಕಳಿಸಿದರು. ‘ನಮ್ಮ ಮನೆಯದೇ’ ಅಂತ. ಆ ಹುಡುಗಿ ಅಲ್ಲಿ ಅತ್ತೇಬಿಟ್ಟಳಂತೆ.

(ಈ ಹೊತ್ತಿಗೆ ಹಜಾರದಲ್ಲಿ ಘಮ್ಮೆಂದಿತು. ನಾನು ಹಿಗ್ಗಿ ಗಿಡದತ್ತ ಬಾಗಿದೆ.)

ನನ್ನತ್ತ ಯಾಕೆ ಬಾಗುತ್ತೀರಿ? ಅದು ಗೋಡೆಗೆ ತಗುಲಿಸಿದ ಡಬ್ಬಿ. ಅರ್ಧ ಗಂಟೆಗೊಮ್ಮೆ ‘ಮಲ್ಲಿಗೆ’ ಎಂದು ಉಗುಳುತ್ತದೆ. ನನ್ನ ಮೊಗ್ಗು ಅರಳುವುದು ಕತ್ತಲಾಗುವ ಹೊತ್ತಿಗೆ. ಅದಕ್ಕೆ ಹೊತ್ತು ಗೊತ್ತು ಒಂದೂ ಇಲ್ಲ.

ನಿಮ್ಮನ್ನು ಬಾಲ್ಕನಿಗೆ ಸಾಗಿಸಬಹುದಲ್ಲ?

ಕೇಳಿದ್ದಾಯಿತು. ಪೂರ್ವದ ಬಾಲ್ಕನಿ, ಒಳ್ಳೆ ಎಳೆಬಿಸಿಲು. ಅಲ್ಲಿ ವಾಷಿಂಗ್ ಮೆಷಿನ್ ಇಟ್ಟಿದ್ದಾರೆ. ಮೂರು ವರ್ಷದಿಂದ ಬಿಸಿಲೆಲ್ಲ ಅದಕ್ಕೇ. ಒಂದು ಮೊಗ್ಗಾದರೂ ಬಿಟ್ಟಿದೆಯಾ, ಹೋಗುವಾಗ ನೀವೇ ನೋಡಿಕೊಂಡು ಹೋಗಿ.