ಹದಿಮೂರರ ಕಾಕಾ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಯಾವ ಪುರಸಭೆಯ ಮುಂದಿನ ಚಹಾದಂಗಡಿಗೆ ಹೋದರೂ ಈ ಕಾಕಾ ಸಿಗುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲ್, ಎರಡು ಮೊಬೈಲು. ಹಿಂದೊಮ್ಮೆ ವಾರ್ಡಿಗೆ ನಿಂತು ಡಿಪಾಜಿಟ್ ಕಳೆದುಕೊಂಡವನು. ಅಂದಿನಿಂದ ಮತದಾರರನ್ನು ನಂಬುವುದು ಬಿಟ್ಟು, ಸದಸ್ಯರನ್ನು ನಂಬಲು ಶುರುಮಾಡಿದ. ಅವರಿಗೆ ರೇಟಾದರೂ ಇರುತ್ತದಲ್ಲ!

ವಾರ್ಡಿನ ಪ್ರಚಾರ ಅವನಿಗೆ ಬೇಸರದ ಕೆಲಸ. ಹಿಂದಿನ ರಾತ್ರಿ ಪಾಕೀಟು ಹಂಚಿ, ಭಂಡಾರ ಮುಟ್ಟಿಸಿ ಆಣೆ ಹಾಕಿಸಿದರೂ, ಎರಡೂ ಕಡೆ ಆಣೆ ಮಾಡಿದ ಮತದಾರ ಮೂರನೆಯವನಿಗೆ ಗುಂಡಿ ಒತ್ತಿ ಬರುತ್ತಾನೆ. “ಮಂದಿ ವೋಟು ಬರೇ ಅಡ್ಮಿಶನ್ ಇದ್ದಂಗೋ ತಮ್ಮಾ, ಪರೀಕ್ಷಾ ಮುಂದ ಐತಿ” ಅನ್ನುತ್ತಾನೆ.

ಪರೀಕ್ಷೆ ಎಂದರೆ ಅಧ್ಯಕ್ಷರ ಆಯ್ಕೆ. 23 ವಾರ್ಡಿನ ಪುರಸಭೆಯಲ್ಲಿ ಶಾಸಕ, ಸಂಸದರ ಮತವೂ ಸೇರಿ ಒಟ್ಟು 25. ಹದಿಮೂರು ಕೈ ಎದ್ದರೆ ಕುರ್ಚಿ. ಅದಕ್ಕೇ ಅವನಿಗೆ ಈ ಹೆಸರು. ಆದರೆ ಪರೀಕ್ಷೆಯ ದಿನ ಗೊತ್ತಾಗಬೇಕಲ್ಲ? 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು. ಮೀಸಲಾತಿ ಪಟ್ಟಿ ಕೋರ್ಟು ಹತ್ತಿ, ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಅಲ್ಲಿಯವರೆಗೆ ಗೆದ್ದವರಿಗೆ ಅಧಿಕಾರವಿಲ್ಲ, ಕಾಕಾನಿಗೆ ಪುರುಸೊತ್ತಿಲ್ಲ. ಯಾರಿಗೆ ಸಾಲ, ಯಾರಿಗೆ ಮಗಳ ಮದುವೆ, ಯಾರಿಗೆ ಸಿಟ್ಟು, ಎಲ್ಲವೂ ಅವನ ಡೈರಿಯಲ್ಲಿ.

“ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದ ಐತೆಲ್ಲೋ ಕಾಕಾ, ವಿಪ್ ಕೊಟ್ರ?” ಅಂದರೆ ನಗುತ್ತಾನೆ. “ಪಕ್ಷೇತರಗ ಯಾವ ವಿಪ್ಪೋ? ಅದಕ್ಕ ಅವನ ರೇಟು ಬ್ಯಾರೆ.”

2022ರ ವಿಜಯಪುರ ಮಹಾನಗರ ಪಾಲಿಕೆ ಫಲಿತಾಂಶವನ್ನು ಅವನು ಪುರಾಣದಂತೆ ಓದಿದ. 35 ವಾರ್ಡು, ಬಿಜೆಪಿ 17, ಕಾಂಗ್ರೆಸ್ 10, ಪಕ್ಷೇತರರು 5. ಮೇಯರ್ ಚುನಾವಣೆ ನಡೆದದ್ದು 2024ರ ಜನವರಿಯಲ್ಲಿ, ಗೆದ್ದದ್ದು ಕಾಂಗ್ರೆಸ್. ಅಲ್ಲಿ ಯಾರು ಯಾರನ್ನು ಹೇಗೆ ಒಲಿಸಿಕೊಂಡರೋ, ಅದು ಅವನಿಗೂ ಗೊತ್ತಿಲ್ಲ, ನಮಗೂ ಬೇಡ. ಅವನ ಕಣ್ಣು ನೆಟ್ಟದ್ದು ಮೇಯರ್ ಅವಧಿಯ ಮೇಲೆ. “ನಮ್ಮಲ್ಲಿ ಎರಡೂವರಿ ವರ್ಷಕ್ಕೊಮ್ಮಿ ಹಬ್ಬ. ಅಲ್ಲಿ ವರ್ಷಾ ವರ್ಷಾ!” ಎಂದು ಮೀಸೆ ಸವರಿದ.

ಹೋದ ಸಲ ತನ್ನ ಹದಿಮೂರನ್ನು ಗೋವಾಕ್ಕೆ ಸಾಗಿಸಿದ. ಮೊಬೈಲುಗಳನ್ನು ಇಸಿದುಕೊಂಡು ಚೀಲಕ್ಕೆ ಹಾಕಿ ಅದರ ಮೇಲೆಯೇ ತಲೆಯಿಟ್ಟು ಮಲಗಿದ. ಬಸ್ಸಿನಲ್ಲಿದ್ದ ಆರು ಮಂದಿ ಸದಸ್ಯರಲ್ಲ, ಸದಸ್ಯೆಯರ ಗಂಡಂದಿರು. ಗೆದ್ದ ಹೆಣ್ಣುಮಕ್ಕಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. “ಗಂಡ ನಮ್ಮ ಕಡೆ ಇದ್ದ ಮ್ಯಾಲ ಮುಗೀತಲ್ಲ” ಎಂದ ಕಾಕಾ, ಸಮುದ್ರ ನೋಡುತ್ತ ಮೀನು ತಿಂದ.

ಆಯ್ಕೆಯ ದಿನ ಸಭಾಂಗಣದಲ್ಲಿ ಹನ್ನೆರಡು ಕೈ ಎದ್ದವು. ಹದಿಮೂರನೆಯದು ಆಚೆ ಕಡೆಗೆ ಎದ್ದಿತು, ಹೊಸ ಹಸಿರು ಬಳೆಗಳ ಸಮೇತ. ಎದುರು ಪಾರ್ಟಿಯ ಕಾಕಾ ಗೋವಾ ಪ್ರವಾಸದ ಆ ನಾಲ್ಕು ದಿನ ಊರಲ್ಲೇ ಇದ್ದ; ಇಳಕಲ್ ಸೀರೆಯೊಂದಿಗೆ ಹೆಂಡತಿಯನ್ನೇ ಕರೆದುಕೊಂಡು ಆ ಅಕ್ಕನ ಮನೆಗೆ ಹೋಗಿ, ಉಡಿ ತುಂಬಿ ಬಂದಿದ್ದ.

“ನೀ ಹಿಂಗ್ಯಾಕ ಮಾಡಿದಿಬೇ ಯವ್ವಾ?” ಎಂದು ಕಾಕಾ ಕೇಳಿದ್ದಕ್ಕೆ, “ನನ್ನ ಯಾರರ ಕೇಳಿದ್ರೇನ್ರಿ?” ಎಂದಳು.

ಕಾಕಾ ಈಗ ತುಳಜಾಪುರ, ಕೊಲ್ಹಾಪುರಕ್ಕೆ ಮಿನಿ ಬಸ್ಸು ವಿಚಾರಿಸುತ್ತಿದ್ದಾನೆ. ಗಂಡಂದಿರಿಗೆ ಸೀಟಿಲ್ಲವಂತೆ.